ಅಜ್ಜನ ಕಾರಿನ ಗಡಿಯಾರ: ರಿಪೇರಿಯೋ, ರೂಪಾಂತರವೋ?

(ಉಗಾರ ಖುರ್ದದಲ್ಲಿ ಹಳೆಯ ವಾಹನಗಳ ಬಗ್ಗೆ ಆಸಕ್ತಿಯುಳ್ಳ ಊರವರ ಮುಂದೆ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಗಡಿಯಾರದ ಬಗ್ಗೆ ಮಾತನಾಡಲು ಬಂದವಳು ಅರ್ಧ ತಾಸು ತಡಮಾಡಿ ಬಂದಳೆಂದು ನೀವು ನಕ್ಕದ್ದು ನ್ಯಾಯವೇ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದವರಿಗೆ ಉಗಾರದ ರಸ್ತೆ ಎಂಥದೆಂದು ನಾನು ಹೇಳಬೇಕಾಗಿಲ್ಲ. ಆದರೂ ಇದು ಸಮಯದ ಲೆಕ್ಕ ಬಲ್ಲ ಊರು. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದ ಮೇಲೆ ಪಾಳಿಯ ಹೊತ್ತು, ಗಾಡಿ ತೂಗುವ ಹೊತ್ತು, ಮೀರಜದ ಕಡೆಗೆ ಹೋಗುವ ರೈಲಿನ ಹೊತ್ತು ಇವೆಲ್ಲ ಮನೆಮನೆಯ ಮಾತಾದವು. ಇಂಥ ಊರಿನಲ್ಲಿ ಒಂದು ಸಣ್ಣ ಗಡಿಯಾರದ ಬಗ್ಗೆ ಮಾತನಾಡಲು ನನಗೆ ಸಂಕೋಚವಿಲ್ಲ.

ಆ ಗಡಿಯಾರ ಇದ್ದದ್ದು ನಮ್ಮ ಅಜ್ಜನ ಕಾರಿನಲ್ಲಿ. 1950ರ ದಶಕದ ಡಾಜ್ ಕಾರು. ಅಜ್ಜ ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಈಗ ಅದು ಸೋದರಮಾವನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ವರ್ಷಕ್ಕೊಮ್ಮೆ ಖಂಡೇನವಮಿಗೆ ತೊಳೆದು, ಹೂ ಏರಿಸಿ, ಚಕ್ರಕ್ಕೆ ಲಿಂಬೆಹಣ್ಣು ಇಟ್ಟು ಊರ ಅಗಸಿಯವರೆಗೆ ಓಡಿಸಿ ತರುತ್ತಾರೆ. ಅದರ ಡ್ಯಾಶ್‌ಬೋರ್ಡಿನ ಗಡಿಯಾರ ಈಗ ಒಂದು ನಿಮಿಷವೂ ತಪ್ಪದೆ ಸರಿಯಾದ ಸಮಯ ತೋರಿಸುತ್ತದೆ. ಅದು ಸರಿಯಾದ ಸಮಯ ತೋರಿಸುವುದೇ ನನ್ನ ಇಂದಿನ ಮಾತಿಗೆ ಕಾರಣ, ಮತ್ತು ನಮ್ಮ ಮನೆಯವರ ಬೇಸರಕ್ಕೂ ಕಾರಣ. ಅದು ಹೇಗೆಂಬುದನ್ನು ಆಮೇಲೆ ಹೇಳುತ್ತೇನೆ.

ಕಾರಿಗೇಕೆ ಗಡಿಯಾರ?

ಇಂದು ಕಿಸೆಯ ಫೋನಿನಲ್ಲಿ ಸಮಯ ಸಿಗುತ್ತದೆ. ಆದರೆ ಮೋಟಾರು ಕಾರು ಹೊಸದಾಗಿ ಬಂದಾಗ ಸಮಯ ತಿಳಿಯಬೇಕಾದರೆ ಕೋಟಿನೊಳಗಿಂದ ಸರಪಳಿ ಎಳೆದು ಜೇಬುಗಡಿಯಾರ ತೆಗೆಯಬೇಕಿತ್ತು. ಎರಡೂ ಕೈ ಸ್ಟೇರಿಂಗಿನ ಮೇಲಿರುವ ಚಾಲಕನಿಗೆ ಇದು ಸಾಧ್ಯವಿಲ್ಲ. ಆದ್ದರಿಂದ ಕಾರಿನ ಹಲಗೆಯ ಮೇಲೇ ಗಡಿಯಾರ ಕೂಡಿಸುವ ರೂಢಿ ಬಂತು.

ಮೊದಲು ಬಂದವು ಚಾವಿ ಕೊಡುವ ಗಡಿಯಾರಗಳು. ಒಮ್ಮೆ ಚಾವಿ ಕೊಟ್ಟರೆ ಎಂಟು ದಿನ ನಡೆಯುತ್ತಿದ್ದವು. ಅಂದರೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಚಾವಿ ಕೊಟ್ಟರೆ ಸಾಕು, ಒಂದು ದಿನ ಮರೆತರೂ ಗಡಿಯಾರ ನಿಲ್ಲದು. ಕೆಲವಕ್ಕೆ ಮುಖದ ಸುತ್ತಲಿನ ಹಿತ್ತಾಳೆಯ ಉಂಗುರವನ್ನೇ ತಿರುಗಿಸಿ ಚಾವಿ ಕೊಡಬೇಕಿತ್ತು. ಇನ್ನು ಕೆಲವಕ್ಕೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಗುಂಡಿ ಇಳಿಬಿದ್ದಿರುತ್ತಿತ್ತು. ಇಂಗ್ಲೆಂಡಿನಲ್ಲಿ ಇಂಥ ಗಡಿಯಾರಗಳಿಗೂ ಸ್ಪೀಡೋಮೀಟರುಗಳಿಗೂ ಸ್ಮಿತ್ಸ್ ಕಂಪನಿಯದು ದೊಡ್ಡ ಹೆಸರು. ಅಮೆರಿಕದಲ್ಲಿ ಬೋರ್ಗ್, ವೆಸ್ಟ್‌ಕ್ಲಾಕ್ಸ್ ಮೊದಲಾದವು ಇದ್ದವು. ಕಾರಿನಲ್ಲಿ ಹೇಗೂ ಬ್ಯಾಟರಿ ಇದೆಯಲ್ಲ, ಚಾವಿ ಕೊಡುವ ಕೆಲಸವನ್ನು ಅದಕ್ಕೇ ಏಕೆ ವಹಿಸಬಾರದು ಎಂಬ ಯೋಚನೆಯಿಂದ ವಿದ್ಯುತ್ ಗಡಿಯಾರ ಹುಟ್ಟಿತು.

ಈ ಪುಟ್ಟ ವಸ್ತುವಿಗೆ ಜಾಹೀರಾತಿನ ಚರಿತ್ರೆಯಲ್ಲೂ ಸ್ಥಾನವಿದೆ. 1958ರಲ್ಲಿ ಡೇವಿಡ್ ಓಗಿಲ್ವಿ ಎಂಬಾತ ರೋಲ್ಸ್‌ರಾಯ್ಸ್ ಕಾರಿಗೆ ಒಂದು ಜಾಹೀರಾತು ಬರೆದ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಹೋಗುವಾಗಲೂ ಈ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಗಡಿಯಾರದ ಸದ್ದು ಎಂಬುದು ಅದರ ತಾತ್ಪರ್ಯ. ಜನ ಎಂಜಿನ್ನಿನ ಮೌನವನ್ನು ಮೆಚ್ಚಿಕೊಂಡರು. ಕಾರಿನಲ್ಲಿ ಒಂದು ಗಡಿಯಾರವಿದೆ, ಅದಕ್ಕೆ ತನ್ನದೇ ದನಿಯಿದೆ ಎಂಬುದನ್ನೂ ಆ ಸಾಲು ಲೋಕಕ್ಕೆ ಸಾರಿತು.

ನಮ್ಮ ಕಡೆಗೆ ಇಂಥ ಕಾರುಗಳು ಬಂದದ್ದು ಮುಂಬಯಿಯ ದಾರಿಯಿಂದ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸಲು ಆರಂಭಿಸಿತು. ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನು ಜೋಡಿಸತೊಡಗಿತು. ಕೃಷ್ಣೆಯ ದಂಡೆಯ ಕಬ್ಬಿನ ರೈತರು, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು, ಸುತ್ತಲಿನ ಸಂಸ್ಥಾನಗಳ ಮನೆತನದವರು ಕಾರು ಕೊಳ್ಳಲು ಹೊರಟರೆ ಅವರ ಮುಖ ಮುಂಬಯಿಯ ಕಡೆಗೇ. ಹತ್ತಿರದ ಕೊಲ್ಹಾಪುರದಲ್ಲಿ ಛತ್ರಪತಿ ಮನೆತನದ ಹಳೆಯ ಮೇಬ್ಯಾಕ್ ಕಾರು ಇಂದಿಗೂ ದಸರೆಯ ಮೆರವಣಿಗೆಗೆ ಹೊರಬರುತ್ತದೆ. ಅದನ್ನು ನೋಡಲೆಂದೇ ಗಡಿ ದಾಟಿ ಹೋಗುವವರು ನಮ್ಮಲ್ಲಿ ಇದ್ದಾರೆ. ಧರ್ಮಸ್ಥಳದ ಸಂಗ್ರಹದಲ್ಲೂ ಇಂಥ ಅನೇಕ ಕಾರುಗಳಿವೆ. ಮುಂದೆ ಬಂದ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾನು ಕಂಡ ಹೆಚ್ಚಿನವಕ್ಕೆ ಕಂಪನಿಯ ಗಡಿಯಾರವೇ ಇರಲಿಲ್ಲ. ದೇವರ ಫೋಟೊದ ಪಕ್ಕದಲ್ಲಿ ಗೋಂದು ಹಚ್ಚಿ ಒಂದು ಬ್ಯಾಟರಿ ಗಡಿಯಾರ ಅಂಟಿಸಿದ್ದರೆ ಅದೇ ಹೆಚ್ಚು.

ಒಳಗೆ ಏನಿದೆ?

ಅಮೆರಿಕದ ಹಳೆಯ ಕಾರುಗಳ ಗಡಿಯಾರವನ್ನು ವಿದ್ಯುತ್ ಗಡಿಯಾರ ಎನ್ನುತ್ತೇವೆ. ಆದರೆ ಅದರ ಮುಳ್ಳುಗಳನ್ನು ತಿರುಗಿಸುವುದು ಸ್ಪ್ರಿಂಗೇ. ವಿದ್ಯುತ್ತಿನ ಕೆಲಸ ಆ ಸ್ಪ್ರಿಂಗಿಗೆ ಮತ್ತೆ ಮತ್ತೆ ಚಾವಿ ಕೊಡುವುದು ಮಾತ್ರ. ಒಳಗೆ ಒಂದು ಸಣ್ಣ ತೋಳು ಇದೆ. ಸ್ಪ್ರಿಂಗ್ ಆ ತೋಳನ್ನು ಎಳೆಯುತ್ತ ಹಲ್ಲುಚಕ್ರಗಳನ್ನು ನಡೆಸುತ್ತದೆ. ಒಂದೆರಡು ನಿಮಿಷಗಳಲ್ಲಿ ಸ್ಪ್ರಿಂಗ್ ಸಡಿಲಾಗಿ ತೋಳು ತನ್ನ ಹಾದಿಯ ಕೊನೆಗೆ ಬರುತ್ತದೆ. ಅಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳು ಒಂದಕ್ಕೊಂದು ತಾಗುತ್ತವೆ. ಮೆಕ್ಯಾನಿಕ್‌ಗಳು ಇವಕ್ಕೆ ಪಾಯಿಂಟ್ ಎನ್ನುತ್ತಾರೆ. ತಾಗಿದ ಕ್ಷಣ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಅದು ಅಯಸ್ಕಾಂತವಾಗುತ್ತದೆ. ಆ ಅಯಸ್ಕಾಂತ ತೋಳನ್ನು ಟಕ್ಕೆಂದು ಹಿಂದಕ್ಕೆ ಚಿಮ್ಮುತ್ತದೆ. ಸ್ಪ್ರಿಂಗ್ ಮತ್ತೆ ಬಿಗಿಯಾಗುತ್ತದೆ, ಪಾಯಿಂಟುಗಳು ಬೇರೆಯಾಗುತ್ತವೆ, ವಿದ್ಯುತ್ ನಿಲ್ಲುತ್ತದೆ. ಹಳೆಯ ಕಾರಿನಲ್ಲಿ ಸುಮ್ಮನೆ ಕುಳಿತಾಗ ಆಗಾಗ ಕೇಳುವ 'ಟಕ್' ಸದ್ದು ಇದೇ. ಅಷ್ಟು ಹೊತ್ತಿಗೊಮ್ಮೆ ಕಣ್ಣು ಮಿಟುಕಿಸುವಷ್ಟು ಕಾಲ ಮಾತ್ರ ಅದು ಬ್ಯಾಟರಿಯಿಂದ ಉಣ್ಣುತ್ತದೆ.

ಮುಂದೆ ಬಂದ ಹಲವು ಸ್ಮಿತ್ಸ್ ಗಡಿಯಾರಗಳ ರೀತಿ ಬೇರೆ. ಅವುಗಳಲ್ಲಿ ಮುಖ್ಯ ಸ್ಪ್ರಿಂಗ್ ಇಲ್ಲ. ಹಿಂದೆ ಮುಂದೆ ತೂಗುವ ಬ್ಯಾಲೆನ್ಸ್ ಚಕ್ರಕ್ಕೇ ವಿದ್ಯುತ್ತು ಆಗಾಗ ಸಣ್ಣ ತಳ್ಳು ಕೊಡುತ್ತದೆ. ಪಂಚಮಿಯ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಬೆರಳಿನಿಂದ ತಳ್ಳಿದರೂ ಅದು ತೂಗುತ್ತಲೇ ಇರುತ್ತದಲ್ಲ, ಹಾಗೆ. ಅಲ್ಲಿಯೂ ಪಾಯಿಂಟು ಉಂಟು, ಅಲ್ಲಿಯೂ ಅದೇ ಮೊದಲು ಕೆಡುವ ಅಂಗ.

ಇಂಥ ಜಾಣ ಯಂತ್ರ ಏಕೆ ಸಾಯುತ್ತದೆ? ಮುಖ್ಯ ಕಾರಣ ಕಾರು ನಿಂತೇ ಇರುವುದು. ಗಡಿಯಾರದ ತಂತಿ ಎಂಜಿನ್ನಿನ ಚಾವಿಗೆ ಸೇರಿರುವುದಿಲ್ಲ, ನೇರವಾಗಿ ಬ್ಯಾಟರಿಗೆ ಸೇರಿರುತ್ತದೆ. ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದರೆ ಬ್ಯಾಟರಿ ನಿಧಾನವಾಗಿ ಇಳಿಯುತ್ತದೆ. ಒಂದು ದಿನ ಪಾಯಿಂಟುಗಳು ತಾಗಿದಾಗ ತೋಳನ್ನು ಚಿಮ್ಮುವಷ್ಟು ಶಕ್ತಿ ಅಯಸ್ಕಾಂತಕ್ಕೆ ಇರುವುದಿಲ್ಲ. ತೋಳು ಅಲ್ಲಿಯೇ ನಿಲ್ಲುತ್ತದೆ, ಪಾಯಿಂಟುಗಳು ತಾಗಿಯೇ ಇರುತ್ತವೆ. ಅರೆಕ್ಷಣ ಹರಿಯಬೇಕಾದ ವಿದ್ಯುತ್ತು ಹಗಲೂ ರಾತ್ರಿ ಹರಿಯುತ್ತದೆ. ಸುರುಳಿ ಕಾಯುತ್ತದೆ, ಅದರ ಮೇಲಿನ ಲೇಪ ಸುಡುತ್ತದೆ, ಪಾಯಿಂಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಲವು ಗಡಿಯಾರಗಳಲ್ಲಿ ಇದಕ್ಕೆಂದೇ ಬೇಗ ಕರಗುವ ಬೆಸುಗೆಯ ಒಂದು ಕೊಂಡಿ ಇಟ್ಟಿರುತ್ತಾರೆ. ಬಿಸಿಯಾದರೆ ಅದು ಕರಗಿ ತಂತಿ ಬಿಟ್ಟುಕೊಳ್ಳುತ್ತದೆ, ಸುರುಳಿ ಉಳಿಯುತ್ತದೆ. ಅಂಥ ಗಡಿಯಾರ ಹಾಳಾದಂತೆ ಕಂಡರೂ ಹಾಳಾಗಿರುವುದಿಲ್ಲ.

ಎರಡನೆಯ ಕಾರಣ ಎಣ್ಣೆ. ದಶಕಗಳ ಹಿಂದೆ ಹಾಕಿದ ಹನಿ ಎಣ್ಣೆ ಧೂಳು ಕುಡಿದು ಕಾಕಂಬಿಯಂತೆ ಗಟ್ಟಿಯಾಗಿರುತ್ತದೆ. ಮೂರನೆಯದು ನಮ್ಮ ಕೈಯಿಂದಲೇ ಆಗುವ ತಪ್ಪು. 1950ರ ದಶಕದ ನಡುಭಾಗದವರೆಗೆ ಅಮೆರಿಕದ ಹೆಚ್ಚಿನ ಕಾರುಗಳಿಗೆ ಆರು ವೋಲ್ಟಿನ ಬ್ಯಾಟರಿ ಇತ್ತು. ಆರರ ಬ್ಯಾಟರಿ ಸಿಗುವುದಿಲ್ಲವೆಂದು ಹಲವರು ಕಾರನ್ನು ಹನ್ನೆರಡಕ್ಕೆ ಬದಲಾಯಿಸಿಕೊಂಡರು. ದೀಪದ ಬಲ್ಬು ಬದಲಾಯಿಸಿದರು, ಹಾರ್ನ್ ಬದಲಾಯಿಸಿದರು, ಗಡಿಯಾರವನ್ನು ಮರೆತರು. ಆರಕ್ಕೆ ಹುಟ್ಟಿದ ಸುರುಳಿ ಹನ್ನೆರಡರ ಏಟು ತಾಳಲಾರದು.

ರಿಪೇರಿಯವರ ಮೇಜಿನ ಮೇಲೆ

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ಅಜ್ಜ ತೀರಿಕೊಂಡ ಮೇಲೆ ಡಾಜ್ ಬಹಳ ವರ್ಷ ನಿಂತೇ ಇತ್ತು. ಗಡಿಯಾರವೂ ನಿಂತಿತ್ತು. ಒಂದು ಖಂಡೇನವಮಿಗೆ ಮೊದಲು ಮಾವ ಅದನ್ನು ಬಿಚ್ಚಿ ಪಟ್ಟಣದ ಒಂದು ಅಂಗಡಿಗೆ ಕೊಟ್ಟರು. ಎರಡೇ ದಿನಕ್ಕೆ ಅದು ನಡೆಯುತ್ತ ಮರಳಿ ಬಂತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಮುಖ ಅದೇ, ಅಂಕಿ ಅದೇ. ಆದರೆ ಅಜ್ಜಿ ಕಾರಿನಲ್ಲಿ ಕುಳಿತು ಸ್ವಲ್ಪ ಹೊತ್ತು ಕಿವಿಗೊಟ್ಟು, "ಇದು ಟಕ್ ಅನ್ನೂದಿಲ್ಲಲ್ಲೋ" ಎಂದರು. ಆಗ ಯಾರೂ ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ.

ಮುಂದೆ ನಾನು ಪತ್ರಿಕೆಗೆ ಹಳೆಯ ಕಾರುಗಳ ಬಗ್ಗೆ ಬರೆಯಲು ಹೊರಟಾಗ ಆ ಗಡಿಯಾರವನ್ನು ಅಥಣಿಯ ಒಬ್ಬ ಹಿರಿಯ ವಾಚ್ ರಿಪೇರಿಯವರ ಬಳಿ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಡಬ್ಬಿ ತೆಗೆದರು. ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆ, ಗೋಡೆಗಡಿಯಾರದಲ್ಲಿ ಇರುತ್ತದಲ್ಲ, ಅಂಥದು. ಅದನ್ನು ಕೂಡಿಸುವ ಸಲುವಾಗಿ ಹಳೆಯ ಚೌಕಟ್ಟನ್ನು ಕತ್ತರಿಸಿದ್ದರು, ಮುಖದ ತಗಡಿನ ನಡುವಿನ ತೂತನ್ನು ಕೊರೆದು ದೊಡ್ಡದು ಮಾಡಿದ್ದರು. ಹಿರಿಯರು ಗಡಿಯಾರವನ್ನು ಕೆಳಗಿಟ್ಟು ಕೇಳಿದರು: "ಮಾರಿ ಐತಿ. ಇದರ ಜೀವಾ ಎಲ್ಲೈತಿ ತಂಗಿ?"

ಮಾವನಿಗೆ ಫೋನು ಮಾಡಿದೆ. ಮಾವ ಅಂಗಡಿಯವರನ್ನು ಕೇಳಿದರು. ಹಳೆಯ ಯಂತ್ರ ಯಾವತ್ತೋ ಭಂಗಾರದವನ ಚೀಲ ಸೇರಿತ್ತು. ನಮ್ಮ ಕಡೆ ಬಂಗಾರಕ್ಕೂ ಭಂಗಾರಕ್ಕೂ ಒಂದೇ ಉಸಿರಿನ ಅಂತರ. ತಪ್ಪು ಅಂಗಡಿಯವರದಷ್ಟೇ ಎಂದು ನಾನು ಹೇಳಲಾರೆ. 'ನಡೆಯುವ ಹಾಗೆ ಮಾಡಿ' ಎಂದು ಮಾವ ಕೇಳಿದ್ದರು, ಅವರು ನಡೆಯುವ ಹಾಗೆ ಮಾಡಿದರು. 'ಹಳೆಯದನ್ನು ಮರಳಿ ಕೊಡಿ' ಎಂದು ನಾವು ಯಾರೂ ಹೇಳಿರಲಿಲ್ಲ.

ಅದೇ ದಿನ ಹಿರಿಯರ ಮೇಜಿನ ಮೇಲೆ ಬೇರೊಬ್ಬರ ಷೆವರ್ಲೆ ಕಾರಿನ ಗಡಿಯಾರವಿತ್ತು. ಅದರ ಮಾಲೀಕರೂ ಅದು ಸತ್ತಿತೆಂದೇ ತಂದುಕೊಟ್ಟಿದ್ದರು. "ಇದು ಕೆಟ್ಟಿಲ್ಲ ತಂಗಿ, ಉಪಾಸ ಬಿದ್ದೈತಿ ಅಷ್ಟ" ಎಂದು ಹೇಳಿ ಅವರು ಕೆಲಸ ತೋರಿಸಿದರು. ಮೊದಲು ಮುಳ್ಳುಗಳನ್ನು ನೆಟ್ಟಗೆ ಮೇಲೆತ್ತಿ ತೆಗೆದರು. ಪಾಯಿಂಟುಗಳು ಕಪ್ಪಾಗಿದ್ದವು. ಅವನ್ನು ಸಣ್ಣ ಅರದಿಂದ ಎರಡೇ ಎರಡು ಸಲ ಸವರಿ ಹೊಳಪು ತಂದರು. ಹೆಚ್ಚು ಉಜ್ಜಿದರೆ ಮೇಲಿನ ಒಳ್ಳೆಯ ಲೋಹವೇ ಹೋಗುತ್ತದೆ. ಚಕ್ರಗಳನ್ನು ಬಿಡಿಸಿ ತೊಳೆದು, ಒಣಗಿಸಿ, ಸೂಜಿಯ ಮೊನೆಯಿಂದ ಅಚ್ಚುಗಳ ತುದಿಗೆ ಮಾತ್ರ ಗಡಿಯಾರದ ಎಣ್ಣೆ ಮುಟ್ಟಿಸಿದರು. ಹಲ್ಲುಗಳಿಗೆ ಎಣ್ಣೆ ಹಾಕಲಿಲ್ಲ, ಅಲ್ಲಿ ಎಣ್ಣೆ ಧೂಳನ್ನು ಕರೆಯುತ್ತದೆ. ಕೂದಲೆಳೆಯಂಥ ಹೇರ್‌ಸ್ಪ್ರಿಂಗನ್ನು ಕೈಯಿಂದ ಮುಟ್ಟಲೇ ಇಲ್ಲ. ಕೊನೆಗೆ ಮೇಜಿನ ಮೇಲೆಯೇ ಸರಿಯಾದ ವೋಲ್ಟಿನ ವಿದ್ಯುತ್ತು ಕೊಟ್ಟರು. ಟಕ್ ಎಂದಿತು. ಒಂದೆರಡು ನಿಮಿಷದ ಮೇಲೆ ಮತ್ತೆ ಟಕ್ ಎಂದಿತು. ಮೂರು ದಿನ ಹೀಗೆಯೇ ನಡೆಸಿ ನೋಡಿದ ಮೇಲಷ್ಟೇ ಕಾರಿಗೆ ಕೂಡಿಸಬೇಕು ಎಂದರು.

ಅವರ ಬಳಿ ಈಗ ಕೆಲಸ ಕಲಿಯುವವರು ಯಾರೂ ಇಲ್ಲ. ಇದು ಅವರೊಬ್ಬರ ಕಥೆಯಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಕೊಹಿನೂರ್ ಎಂಬ ಹೆಸರುಗಳು ಮದುವೆಯ ಉಡುಗೊರೆಯ ಪಟ್ಟಿ ಸೇರಿದವು. ಅಷ್ಟು ವಾಚುಗಳು ಊರೂರಿಗೆ ಹೋದದ್ದರಿಂದಲೇ ಊರೂರಿನಲ್ಲಿ ರಿಪೇರಿಯವರೂ ಬೆಳೆದರು. ಬಸ್‌ಸ್ಟ್ಯಾಂಡಿನ ಬದಿಯ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ತಲೆ ಬಾಗಿಸಿದ ಆ ಮನುಷ್ಯ ನಮಗೆಲ್ಲ ಪರಿಚಿತ. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದ್ದು ಸುದ್ದಿಯಾಯಿತು. ಗಾಜಿನ ಪೆಟ್ಟಿಗೆಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದದ್ದು ಸುದ್ದಿಯಾಗಲಿಲ್ಲ.

ಕ್ವಾರ್ಟ್ಜ್ ಎಂಬ ಸುಲಭದ ದಾರಿ

ಹಾಗೆಂದು ಕ್ವಾರ್ಟ್ಜ್ ಯಂತ್ರವನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದೂ ಒಂದು ಅದ್ಭುತವೇ. ಅದರೊಳಗಿನ ಹರಳಿನ ಚೂರು ವಿದ್ಯುತ್ತಿನ ಸ್ಪರ್ಶಕ್ಕೆ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆಂದರೆ ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಸೆಕೆಂಡಿಗೆ ಒಂದು ಮಿಡಿತ, ಮಿಡಿತಕ್ಕೆ ಒಂದು ಹೆಜ್ಜೆ. ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಜಪಾನಿನ ಸೀಕೊ ಕಂಪನಿ 1969ರ ಡಿಸೆಂಬರಿನಲ್ಲಿ ಮಾರಾಟಕ್ಕೆ ತಂದಾಗ ಅದು ದುಬಾರಿ ವಸ್ತುವಾಗಿತ್ತು. ಇಂದು ಅದೇ ತತ್ವದ ಯಂತ್ರ ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ಚಾವಿ ಕೊಡುವ ಹಳೆಯ ಯಂತ್ರಕ್ಕಿಂತ ಸರಿಯಾದ ಸಮಯವನ್ನೇ ತೋರಿಸುತ್ತದೆ.

ಸುರುಳಿ ಸುಟ್ಟು, ಹಲ್ಲು ಮುರಿದು, ಬಿಡಿಭಾಗ ಎಲ್ಲಿಯೂ ಸಿಗದಿದ್ದಾಗ ಕ್ವಾರ್ಟ್ಜ್ ಕೂಡಿಸುವುದು ತಪ್ಪಲ್ಲ. ಆದರೆ ಅದಕ್ಕೊಂದು ರೀತಿಯಿದೆ. ಹಳೆಯ ಮುಳ್ಳುಗಳ ತೂತು ಹೊಸ ಯಂತ್ರದ ಅಚ್ಚಿಗೆ ಹೊಂದುವುದಿಲ್ಲ. ಆಗ ಮುಳ್ಳನ್ನಾಗಲಿ ಮುಖವನ್ನಾಗಲಿ ಕೊರೆಯಬಾರದು, ನಡುವೆ ಹಿತ್ತಾಳೆಯ ಸಣ್ಣ ಬುಶ್ ಮಾಡಿ ಹಾಕಬೇಕು. ಹಳೆಯ ಮುಳ್ಳು ಭಾರವಾಗಿದ್ದರೆ ಅಗ್ಗದ ಯಂತ್ರ ಅದನ್ನು ಎತ್ತಲಾರದು, ಹೆಚ್ಚು ಬಲದ ಯಂತ್ರ ಆರಿಸಬೇಕು. ಇನ್ನು ವಿದ್ಯುತ್ತಿನ ವಿಚಾರ. ಈ ಯಂತ್ರಕ್ಕೆ ಬೇಕಾದದ್ದು ಒಂದೂವರೆ ವೋಲ್ಟು. ಕಾರಿನ ತಂತಿಯಲ್ಲಿ ಆರೋ ಹನ್ನೆರಡೋ ಇರುತ್ತದೆ, ಎಂಜಿನ್ ಓಡುವಾಗ ಇನ್ನೂ ಹೆಚ್ಚು. ಇಳಿಸಲು ಪುಟ್ಟ ಸರ್ಕ್ಯೂಟ್ ಹಾಕಬಹುದು. ಆದರೆ ಹಳೆಯ ಕಾರುಗಳಲ್ಲಿ ಒಂದು ಬಲೆ ಉಂಟು. ಇಂದಿನ ಕಾರಿನಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೆ ಸೇರಿಸಿರುತ್ತಾರೆ. ಅಂದಿನ ಹಲವು ಇಂಗ್ಲಿಷ್ ಕಾರುಗಳಲ್ಲೂ, ನಮ್ಮ ಡಾಜ್‌ನಂಥ ಕೆಲವು ಅಮೆರಿಕದ ಕಾರುಗಳಲ್ಲೂ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಇದನ್ನು ನೋಡದೆ ತಂತಿ ಜೋಡಿಸಿದರೆ ಸರ್ಕ್ಯೂಟು ಅಲ್ಲಿಯೇ ಸುಡುತ್ತದೆ. ಎಲ್ಲಕ್ಕಿಂತ ಸರಳ ಉಪಾಯವೆಂದರೆ ಕಾರಿನ ತಂತಿಯನ್ನು ಮುಟ್ಟದೆ ಒಂದು ಪೆನ್ಸಿಲ್ ಸೆಲ್ಲನ್ನು ಡ್ಯಾಶ್‌ಬೋರ್ಡಿನ ಹಿಂದೆ ಪ್ರತ್ಯೇಕವಾಗಿ ಇಡುವುದು.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಹಳೆಯ ಯಂತ್ರವನ್ನು ಉಳಿಸಿಕೊಂಡು ಪಾಯಿಂಟಿನ ಭಾರವನ್ನು ಮಾತ್ರ ಒಂದು ಟ್ರಾನ್ಸಿಸ್ಟರಿಗೆ ಹೊರಿಸುವುದು. ಆಗ ಸುರುಳಿಗೆ ಹೋಗುವ ದೊಡ್ಡ ಪ್ರವಾಹ ಪಾಯಿಂಟಿನ ಮೂಲಕ ಹರಿಯುವುದಿಲ್ಲ, ಪಾಯಿಂಟು ಸುಡುವುದಿಲ್ಲ. ಟಕ್ ಸದ್ದೂ ಉಳಿಯುತ್ತದೆ. ರೇಡಿಯೊ ರಿಪೇರಿ ಬಲ್ಲವರಿಗೆ ಇದು ದೊಡ್ಡ ಕೆಲಸವಲ್ಲ.

ಒಂದು ಎಚ್ಚರಿಕೆ

ನಮ್ಮ ಕಡೆ ನಂಬರ್‌ಪ್ಲೇಟಿಗೆ, ಟ್ರ್ಯಾಲಿಯ ಹಿಂಬದಿಗೆ ಹಚ್ಚುವ ಹೊಳೆಯುವ ಸ್ಟಿಕ್ಕರಿಗೆ 'ರೇಡಿಯಂ' ಎನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲ. ಆದರೆ 1960ರ ದಶಕಕ್ಕಿಂತ ಹಳೆಯ ಕೆಲವು ಗಡಿಯಾರಗಳ ಅಂಕಿಗಳಿಗೆ, ಮುಳ್ಳುಗಳಿಗೆ ಕತ್ತಲಲ್ಲಿ ಬೆಳಗಲೆಂದು ನಿಜವಾದ ರೇಡಿಯಂ ಬಣ್ಣ ಹಚ್ಚಿದ್ದರು. ಅಮೆರಿಕದಲ್ಲಿ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. 1920ರ ದಶಕದಲ್ಲಿ ಅವರಲ್ಲಿ ಅನೇಕರು ದವಡೆಯ ಎಲುಬು ಕೊಳೆತು ನರಳಿದರು, ಹಲವರು ಸತ್ತರು.

ಇಂದು ಆ ಅಂಕಿಗಳು ಬೆಳಗುವುದಿಲ್ಲ. ಆದ್ದರಿಂದ ಅಪಾಯವೂ ಹೋಯಿತೆಂದು ಭಾವಿಸುವುದು ತಪ್ಪು. ಬಣ್ಣದೊಳಗೆ ಬೆಳಗುತ್ತಿದ್ದ ಬೇರೆ ವಸ್ತು ಸವೆದಿದೆ, ರೇಡಿಯಂ ಹಾಗೆಯೇ ಇದೆ. ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಹಲ್ಮಿಡಿ ಶಾಸನದಿಂದ ಇಂದಿನವರೆಗಿನ ಕಾಲ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಗಾಜಿನ ಹಿಂದೆ ಇರುವವರೆಗೆ ಹೆದರಬೇಕಾದ್ದು ಕಡಿಮೆ. ಆದರೆ ಕಂದುಬಣ್ಣಕ್ಕೆ ತಿರುಗಿದ, ಪುಡಿಯಾಗುವ ಅಂಥ ಬಣ್ಣವನ್ನು ಕೆರೆಯಬಾರದು, ಊದಬಾರದು, ಮರಳುಕಾಗದದಿಂದ ತಿಕ್ಕಬಾರದು. ಪುಡಿ ಉಸಿರಿನಲ್ಲಿ ಒಳಗೆ ಹೋಗುವುದೇ ಅಪಾಯ. ಮುಖವನ್ನು ಹೊಸದು ಮಾಡಿಕೊಡುತ್ತೇನೆ ಎನ್ನುವವರಿಗೆ ಗಡಿಯಾರ ಕೊಡುವ ಮೊದಲು ಈ ಮಾತನ್ನು ಅವರಿಗೂ ತಿಳಿಸಿ. ಮನೆಯಲ್ಲಿ ಮಕ್ಕಳ ಕೈಗೆ ಬಿಚ್ಚಲು ಕೊಡಬೇಡಿ.

ಕಾನೂನು ಏನು ಹೇಳುತ್ತದೆ?

ಹಳೆಯ ಕಾರನ್ನು ಗುಜರಿಗೆ ಹಾಕಲೇಬೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೊದಲು ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಎರಡು ಮತ್ತು ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅವಕ್ಕೆ ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವೆಂದು, ಅವಧಿ ಹತ್ತು ವರ್ಷವೆಂದು ಗೊತ್ತುಮಾಡಲಾಯಿತು. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥ ಕೆಲಸಗಳಿಗೆ ಅದನ್ನು ರಸ್ತೆಗೆ ತರಬಹುದು, ಬಾಡಿಗೆಗೆ ಬಿಡುವಂತಿಲ್ಲ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಮುಖ್ಯ ಷರತ್ತು.

ಗಡಿಯಾರದೊಳಗೆ ಕ್ವಾರ್ಟ್ಜ್ ಇದೆಯೆಂದು ಯಾರೂ ನೋಂದಣಿ ನಿರಾಕರಿಸಲಾರರು. ಆದರೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ದಶಕದ ಹಿಂದೆಯೇ ಟ್ಯೂರಿನ್ ಸನ್ನದು ಎಂಬ ನಿಯಮಾವಳಿಯನ್ನು ಒಪ್ಪಿಕೊಂಡಿದೆ. ಬದಲಾವಣೆ ಅನಿವಾರ್ಯವಾದರೆ ಅದು ಹಿಂದಕ್ಕೆ ತಿರುಗಿಸುವಂತಿರಬೇಕು, ತೆಗೆದ ಮೂಲಭಾಗಗಳನ್ನು ವಾಹನದ ಜೊತೆಗೇ ಕಾಪಾಡಬೇಕು ಎಂಬುದು ಅದರ ಮುಖ್ಯ ವಿಚಾರಗಳಲ್ಲೊಂದು. ನನ್ನ ಭಾಷಣದ ಸಾರವೂ ಇಷ್ಟೇ. ರಿಪೇರಿ ಮಾಡಿಸಿ, ಇಲ್ಲವೆ ರೂಪಾಂತರ ಮಾಡಿಸಿ. ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡುವ ಬಾಗಿಲನ್ನು ಮಾತ್ರ ಮುಚ್ಚಬೇಡಿ.

ಕಸಬೂ ರೂಪಾಂತರವಾಗುತ್ತದೆ

ರೂಪಾಂತರವೆಂದರೆ ಬರೀ ನಷ್ಟವೆಂದು ಹೇಳಿ ನಾನು ಮಾತು ಮುಗಿಸಲಾರೆ. ಇಲ್ಲಿಂದ ರೈಲು ಹತ್ತಿದರೆ ಮೀರಜ ಹತ್ತಿರವೇ ಇದೆ. ಅಲ್ಲಿಯ ಸಿತಾರು, ತಂಬೂರಿಗಳು ದೇಶದಲ್ಲೆಲ್ಲ ಹೆಸರಾದವು. ಅವನ್ನು ಮಾಡುವ ಶಿಕಲಗಾರರ ಪೂರ್ವಿಕರು ಕತ್ತಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಕೆಲಸ ಕಡಿಮೆಯಾದಾಗ ಅದೇ ಕೈಗಳು ಸೋರೆಬುರುಡೆಯನ್ನೂ ತಂತಿಯನ್ನೂ ಹಿಡಿದವು. ಕೈಯ ನಯ ಉಳಿಯಿತು, ವಸ್ತು ಬದಲಾಯಿತು.

ವಾಚ್ ರಿಪೇರಿಯವರಿಗೂ ಅಂಥದೊಂದು ದಾರಿ ಇರಬಹುದೆಂದು ನನಗೆ ಅನ್ನಿಸುತ್ತದೆ. ಹಳೆಯ ಕಾರುಗಳನ್ನು ಪ್ರೀತಿಸುವವರು ಹೆಚ್ಚುತ್ತಿದ್ದಾರೆ. ಅವರಿಗೆ ಎಂಜಿನ್ ಮಾಡುವವರು ಸಿಗುತ್ತಾರೆ, ಬಣ್ಣ ಹೊಡೆಯುವವರು ಸಿಗುತ್ತಾರೆ. ಗಡಿಯಾರ, ಸ್ಪೀಡೋಮೀಟರು, ಪೆಟ್ರೋಲ್ ಮಾಪಕ ಬಿಚ್ಚಬಲ್ಲವರು ಸಿಗುವುದಿಲ್ಲ. ಆ ವಿದ್ಯೆ ಇನ್ನೂ ಕೆಲವು ಮುಪ್ಪಿನ ಬೆರಳುಗಳಲ್ಲಿದೆ. ಕೆಲಸ ಒಯ್ದುಕೊಟ್ಟು ತಕ್ಕ ಮಜೂರಿ ಕೊಟ್ಟರೆ ಕಲಿಯಲು ಹುಡುಗರೂ ಬಂದಾರು. ಮೂರು ದಿನದ ಕೆಲಸಕ್ಕೆ ಸೆಲ್ ಬದಲಾಯಿಸಿದಷ್ಟು ದುಡ್ಡು ಕೊಡುತ್ತೇವೆಂದರೆ ಯಾರೂ ಬರಲಾರರು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಮನೆಗೆ ಹೋದಮೇಲೆ ಶೆಡ್ಡಿನ ಹಳೆಯ ಕಾರಿನ ಗಡಿಯಾರವನ್ನು ಒಮ್ಮೆ ನೋಡಿ. ಕಾರು ನಿಂತೇ ಇರುವುದಾದರೆ ಗಡಿಯಾರದ ತಂತಿ ಬಿಚ್ಚಿಡಿ, ಇಲ್ಲವೆ ಅದರ ಫ್ಯೂಸ್ ತೆಗೆದಿಡಿ. ರಿಪೇರಿಗೆ ಕೊಡುವಾಗ ಒಳಗಿನ ಯಂತ್ರದ ಫೋಟೊ ತೆಗೆದುಕೊಳ್ಳಿ. ಏನೇ ಬದಲಾಯಿಸಿದರೂ ಹಳೆಯದನ್ನು ಕೇಳಿ ಪಡೆದು, ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮೇಲೆ ಕಾರಿನ ನಂಬರು ಬರೆಯಿರಿ.

ಅಥಣಿಯ ಹಿರಿಯರು ನಮ್ಮ ಗಡಿಯಾರವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಅದೇ ಬಗೆಯ ಯಂತ್ರ ಯಾವುದಾದರೂ ಒಡೆದ ಡಾಜ್‌ನಲ್ಲಿ ಸಿಕ್ಕರೆ ಕೂಡಿಸಿಕೊಡುವುದಾಗಿ ಹೇಳಿದ್ದಾರೆ. ಕೊರೆದ ಮುಖವನ್ನು ಮಾತ್ರ ಸರಿಮಾಡಲಾಗದು. ನಿಮ್ಮ ಯಾರ ಅಟ್ಟದ ಮೇಲಾದರೂ ಅಂಥದೊಂದು ಗಡಿಯಾರ ಬಿದ್ದಿದ್ದರೆ ನನಗೆ ತಿಳಿಸಿ. ಅಜ್ಜಿಗೆ ಈಗ ಎಂಬತ್ತಾರು ವರ್ಷ. ಮುಂದಿನ ಖಂಡೇನವಮಿಗೆ ಅವರನ್ನು ಆ ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿ ಒಂದು ಸಲ ಟಕ್ ಎನ್ನಿಸಬೇಕೆಂದು ನನ್ನ ಆಸೆ.